ಅಪ್ಪನ ಪಾಲು

ಪರೇಲು, ನಾಲ್ಕನೆಯ ಮಹಡಿ. ಕೂಲರಿನಲ್ಲಿ ನೀರಿಲ್ಲ.
ಅರ್ನವಾಜ್ ಎಂಬ ಹುಡುಗಿ ಪೆನ್ಸಿಲು ಚೂಪು ಮಾಡಿಕೊಂಡು
ಹೆಂಗಸಿಗೆ ಸೊನ್ನೆ, ಗಂಡಸಿಗೆ ಚೌಕ,
ಸತ್ತವರ ಮೇಲೊಂದು ಓರೆಗೆರೆ ಎಂದಳು.
ಈ ಕಾಯಿಲೆ ಬಂದವರಿಗೆ ಒಳಗೆಲ್ಲ ಕಪ್ಪು.
ಮೊದಲು ಬರೆದದ್ದು ಕುಶಲಕ್ಕನ ಸೊನ್ನೆ, ನಲವತ್ತೊಂದು ವರ್ಷ.
ಕಪ್ಪು ತುಂಬುವಾಗ ಕೈ ನಿಧಾನ ಮಾಡಿದಳು,
ನಾನು ನೋಡುತ್ತಿದ್ದೇನೆಂದೋ ಏನೋ.

ಅಮ್ಮನ ಕಡೆ?
ಅದು ನನಗೆ ಬಾಯಿಪಾಠ.
ನಮ್ಮದು ತಾಯಿಯಿಂದ ಇಳಿದು ಬರುವ ಬಳಿ.
ಅಜ್ಜಿ, ಅಜ್ಜಿಯ ಅಕ್ಕತಂಗಿಯರು ಐವರು,
ಅವರೆಲ್ಲರ ಅಮ್ಮ ಜಾರು, ನೂರಕ್ಕೆ ಎರಡು ಕಮ್ಮಿ ಇರುವಾಗ
ಹಲಸಿನ ಹಣ್ಣು ತಿಂದು ಮಲಗಿದವಳು ಏಳಲಿಲ್ಲ.
ಸೊನ್ನೆ, ಸೊನ್ನೆ, ಸೊನ್ನೆ. ಎಲ್ಲ ಬಿಳಿ.
ಹಾಳೆಯ ಬಲಗಡೆ ತುಂಬಿ ಅಂಚಿಗೆ ಬಂತು.

ಅಪ್ಪನ ಕಡೆ?
ಎಡಗಡೆ ಒಂದೇ ಚೌಕ. ತ್ಯಾಂಪಣ್ಣ, ಎಪ್ಪತ್ತೇಳು,
ಫೋರ್ಟಿನ ಕ್ಯಾಂಟೀನಿನಲ್ಲಿ ಗಲ್ಲಾ ಕೂತು ನಿವೃತ್ತ,
ಡೊಂಬಿವಲಿಯಲ್ಲಿ ವಾಸ, ಶೀತವೂ ಆದದ್ದಿಲ್ಲ.
ಅಕ್ಕತಂಗಿಯರು? ಇದ್ದರಂತೆ.
ಹೆಸರು?

ಹದಿನೆಂಟು ವರ್ಷದಿಂದ ಸಹಕಾರಿ ಬ್ಯಾಂಕಿನ ಕಿಟಕಿಯಲ್ಲಿ ಕೂತು
ನಾಮಿನಿ ಯಾರು, ಸಂಬಂಧ ಏನು ಎಂದು
ಊರಿನವರನ್ನೆಲ್ಲ ಕೇಳುವವಳು ನಾನು.

ಅಪ್ಪ ಫೋನಿನಲ್ಲಿ ತುಂಬ ಹೊತ್ತು ಸುಮ್ಮನಿದ್ದ.
ಆ ಕಡೆ ಕುಕ್ಕರ್ ಮೂರು ಸಲ ಕೂಗಿತು.
ಟ್ರಂಕಿನಲ್ಲಿ ನೋಡಬೇಕು, ಎಂದ.

ಟ್ರಂಕಿನಲ್ಲಿ ಇದ್ದದ್ದು ಮನಿ ಆರ್ಡರಿನ ರಸೀದಿಗಳು,
ತುಕ್ಕು ತಂತಿಗೆ ಚುಚ್ಚಿದ ಒಂದು ಕಟ್ಟು.
ಹಿಂಬದಿಯಲ್ಲಿ ಅವನದೇ ಅಕ್ಷರ:
ನಲವತ್ತು ರೂಪಾಯಿ, ಮುತ್ತಕ್ಕೆಯ ಹೊಟ್ಟೆಗೆ.
ಅರುವತ್ತು, ಮುತ್ತಕ್ಕೆ, ನೀರು ತೆಗೆಸಲು.
ಇಪ್ಪತ್ತೈದು, ದೈವಕ್ಕೆ.
ನೂರು, ಬೊಜ್ಜಕ್ಕೆ.
ಐದು ವರ್ಷ ಬಿಟ್ಟು ಇನ್ನೊಂದು ಹೆಸರು. ದಾರು,
ಎದೆಯ ಹುಣ್ಣು, ಎಣ್ಣೆಗೆ ಮೂವತ್ತು.
ಮತ್ತೆ ನೂರು.
ದೈವದ ಮುನಿಸು ಅಂದಿದ್ದರು, ಎಂದ ಅಪ್ಪ.
ನಾನು ಲೆಕ್ಕದವ. ಕೇಳಿದಷ್ಟು ಕಳಿಸಿದೆ.

ಮೂವರ ರಕ್ತ, ನಾಲ್ಕು ವಾರ, ಮೂರು ಲಕೋಟೆ.
ಅಕ್ಕನಿಗಿದೆ. ಅಪ್ಪನಿಗಿದೆ.
ನನಗಿಲ್ಲ.
ಆ ಇಲ್ಲವನ್ನು ಎಲ್ಲಿಡುವುದೆಂದು ತಿಳಿಯದೆ
ಮಡಿಚಿದೆ, ಮಡಿಚಿದೆ, ಬಸ್ ಟಿಕೆಟ್ಟಿನಷ್ಟಾಯಿತು.
ತಲೆಗೆ ಕಟ್ಟಿದ ಸ್ಕಾರ್ಫು ಸರಿಮಾಡಿಕೊಳ್ಳುತ್ತ ಅಕ್ಕ ನಕ್ಕಳು:
ಚಿಕ್ಕಂದಿನಲ್ಲೂ ಹೀಗೇ ಅಲ್ಲವಾ,
ಅಂಜಲ್ ಮೀನಿನ ದೊಡ್ಡ ತುಂಡು ನನಗೇ ಬೀಳುತ್ತಿತ್ತು.

ಅರ್ನವಾಜ್ ಹಿಂದಿಯಲ್ಲಿ ಅಪ್ಪನಿಗೆ ಬಿಡಿಸಿ ಹೇಳಿದಳು,
ಮೇಜಿನ ಮೇಲೆ ನಾಣ್ಯವೊಂದನ್ನು ಮಗುಚಿ, ಮತ್ತೆ ಮಗುಚಿ:
ಪ್ರತಿ ಮಗುವಿಗೂ ಅರ್ಧ ಸಾಧ್ಯತೆ. ತಪ್ಪು ಯಾರದ್ದೂ ಅಲ್ಲ.
ಅಪ್ಪ ನಾಣ್ಯವನ್ನೇ ನೋಡಿದ, ಖೋಟಾ ಹಿಡಿಯುವ ಕಣ್ಣಲ್ಲಿ.
ನಮ್ಮ ಕಟ್ಟಿನಲ್ಲಿ, ಎಂದ, ಅಪ್ಪನಿಂದ ಮಕ್ಕಳಿಗೆ
ಏನೂ ಹೋಗುವುದಿಲ್ಲ ಬೇಟಿ.
ಭೂಮಿ ಅಳಿಯನಿಗೆ, ಬಳಿ ತಾಯಿಯದು.
ಇವರಿಬ್ಬರಿಗೆ ನಾನು ಕೊಟ್ಟದ್ದು
ಇನಿಷಿಯಲ್ ಒಂದೇ ಅಂದುಕೊಂಡಿದ್ದೆ.

ತಂಗಿಯರ ಮಕ್ಕಳಿದ್ದಾರೆಯೇ, ಅವಳು ಕೇಳಿದಳು.
ಅವರಿಗೂ ತಿಳಿಯಬೇಕಲ್ಲ.

ದಾರುವಿಗೆ ಒಬ್ಬಳು, ವಾರಿಜ.
ಪಿಂಪ್ರಿಯಲ್ಲಿ ಗಂಡನ ಕ್ಯಾಂಟೀನು, ಮೂರು ಗಂಟೆಯ ದಾರಿ.
ಮನೆಯ ಪಾಲಿನ ವ್ಯಾಜ್ಯದಿಂದೀಚೆ ಮೂವತ್ತು ವರ್ಷ
ಮದುವೆಗೂ ಇಲ್ಲ, ಸಾವಿಗೂ ಇಲ್ಲ.

ಕೆಳಗೆ ಬಂದೆವು. ಫ್ಲೈಓವರಿನಡಿ ರೋಗಿಗಳ ಕಡೆಯವರು
ಚಾದರ ಹಾಸಿ, ಸ್ಟವ್ ಪಂಪು ಮಾಡುತ್ತಿದ್ದರು.
ಅಪ್ಪ ಕಟ್ಟೆಯೊಂದರ ಮೇಲೆ ಕೂತು ನನ್ನ ಫೋನು ತೆಗೆದುಕೊಂಡ.
ನಂಬರು ಯಾರಲ್ಲಿ ಕೇಳಿದನೋ, ಯಾವಾಗ ಕೇಳಿದನೋ,
ಅಂಗೈಯಲ್ಲಿ ಬರೆದುಕೊಂಡಿದ್ದ.
ಬೆವರಿಗೆ ಕೊನೆಯ ಅಂಕಿ ಹರಡಿತ್ತು. ಒಂದೋ, ಏಳೋ.
ಒಂದು ಒತ್ತಿದ. ತಪ್ಪು ನಂಬರು.
ಏಳು.

ದಾರುವಿನ ಮಗಳಲ್ಲವಾ?
ನಾನು ನಿನ್ನ ಮಾವ.
ಜಾಗದ ವಿಷಯ ಅಲ್ಲ ಮಗಾ.
ಇಡಬೇಡ.